ಪವರ್ ಸ್ಟೀರಿಂಗ್ ಪಂಪು ಬದಲಿಸುವ ಮುನ್ನ

ಪ್ರಶ್ನೆ: ಹೊಸನಗರ ತಾಲ್ಲೂಕಿನಲ್ಲಿ ನಮ್ಮ ಅಡಿಕೆ ತೋಟವಿದೆ. ಕೆಸರಿನ ಏರುದಾರಿಯಲ್ಲಿ ಗೊಬ್ಬರ, ಔಷಧಿಯ ಡ್ರಮ್ಮು ಸಾಗಿಸಲು ಫೋರ್ ವೀಲ್ ಡ್ರೈವ್ ಪಿಕಪ್ ಇಟ್ಟುಕೊಂಡಿದ್ದೇನೆ. ಕಂಪನಿಯ ಟೈರು ತೆಗೆಸಿ ಅಗಲವಾದ ಮಡ್ ಟೈರು ಹಾಕಿಸಿದ್ದೇನೆ. ಈ ಮಳೆಗಾಲದಲ್ಲಿ ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ‘ಕೊಂಯ್’ ಎಂಬ ಸದ್ದು ಬರುತ್ತಿದೆ. ನಿಧಾನವಾಗಿ ತಿರುಗಿಸುವಾಗ ತುಂಬಾ ಗಟ್ಟಿಯಾಗುತ್ತದೆ. ಹೊರಗೆಲ್ಲೂ ಆಯಿಲ್ ಸೋರುತ್ತಿಲ್ಲ. ಪಂಪು ಹೋಗಿದೆ ಎಂದು ಮೆಕ್ಯಾನಿಕ್ ಹೇಳುತ್ತಾರೆ. ಸೆಕೆಂಡ್ ಹ್ಯಾಂಡ್ ಪಂಪು ಹಾಕಿಸಬಹುದೇ? ಕೆಲಸವನ್ನು ಮನೆಯಲ್ಲೇ ಮಾಡಿಕೊಳ್ಳಬಹುದೇ?

ಉತ್ತರ: ಪಂಪು ಹೋಗಿರಬಹುದು, ಆದರೆ ನೀವು ಬರೆದಿರುವ ಲಕ್ಷಣಗಳಷ್ಟರಿಂದಲೇ ಹಾಗೆಂದು ತೀರ್ಮಾನಿಸಲಾಗದು. ಮೊದಲು ಇಂಜಿನ್ ಚಾಲೂ ಇರುವಾಗ ಪವರ್ ಸ್ಟೀರಿಂಗಿನ ಆಯಿಲ್ ಡಬ್ಬಿಯ ಮುಚ್ಚಳ ತೆಗೆದು ಒಳಗೆ ನೋಡಿ. ಆಯಿಲ್ ನೊರೆಗಟ್ಟಿ ಬಿಳಿಚಿಕೊಂಡಿದ್ದರೆ ಒಳಗೆ ಗಾಳಿ ಸೇರುತ್ತಿದೆ ಎಂದೇ ಅರ್ಥ. ಡಬ್ಬಿಯಿಂದ ಪಂಪಿಗೆ ಬರುವ ರಬ್ಬರ್ ಪೈಪಿನಲ್ಲಿ ಒತ್ತಡವಿರುವುದಿಲ್ಲ, ಅಲ್ಲಿರುವುದು ಸೆಳೆತ. ಹಾಗಾಗಿ ಆ ಪೈಪು ಬಿರುಕು ಬಿಟ್ಟರೆ ಅಥವಾ ಅದರ ಕ್ಲಿಪ್ಪು ಸಡಿಲವಾದರೆ, ಸೀಳಿದ ಸ್ಟ್ರಾದಲ್ಲಿ ಎಳನೀರು ಹೀರಿದಾಗ ಆಗುವಂತೆ, ಗಾಳಿ ಒಳಗೆ ಬರುತ್ತದೆಯೇ ಹೊರತು ಆಯಿಲ್ ಹೊರಗೆ ಬಾರದೆಯೂ ಇರಬಹುದು. ಹೊರಗೆಲ್ಲೂ ಸೋರಿಕೆ ಇಲ್ಲ ಎಂದು ನೀವು ಬರೆದಿರುವುದರಿಂದಲೇ ನನಗೆ ಈ ಪೈಪಿನ ಮೇಲೆ ಅನುಮಾನ ಹೆಚ್ಚು. ಅದನ್ನೂ ಅದರ ಎರಡು ಕ್ಲಿಪ್ಪುಗಳನ್ನೂ ಬದಲಿಸಲು ಪಂಪಿನ ಬೆಲೆಯ ಸಣ್ಣ ಪಾಲೂ ತಗಲುವುದಿಲ್ಲ.

ಪಂಪನ್ನು ತಿರುಗಿಸುವ ಬೆಲ್ಟನ್ನೂ ನೋಡಿ. ಕೆಸರು ನೀರು ಬಿದ್ದು ಜಾರುವ ಬೆಲ್ಟು ‘ಕೊಂಯ್’ ಎನ್ನುವುದಿಲ್ಲ, ‘ಕಿರ್‌ರ್’ ಎಂದು ಕಿರುಚುತ್ತದೆ. ಬೆಲ್ಟು ಬಿಗಿಯಾಗಿದ್ದೂ, ಸ್ವಲ್ಪ ರೇಸ್ ಕೊಟ್ಟಾಗ ಸ್ಟೀರಿಂಗ್ ಹಗುರವಾಗಿ, ಬಿಟ್ಟಾಗ ಮತ್ತೆ ಗಟ್ಟಿಯಾಗುವುದಾದರೆ, ಪಂಪಿನೊಳಗೆ ಆಯಿಲ್ ತಳ್ಳುವ ಸಣ್ಣ ಪಟ್ಟಿಗಳು, ಅಂದರೆ ವೇನ್‌ಗಳು ಸವೆದಿರುವ ಸಾಧ್ಯತೆ ಹೆಚ್ಚು. ರೇಸ್ ಕೊಟ್ಟರೂ ವ್ಯತ್ಯಾಸ ಕಾಣದಿದ್ದರೆ ಇಂಜಿನ್ ಆಫ್ ಮಾಡಿ, ಮುಂದಿನ ಚಕ್ರಗಳನ್ನು ನೆಲದಿಂದ ಎತ್ತಿ, ಸ್ಟೀರಿಂಗನ್ನು ಕೈಯಿಂದ ತಿರುಗಿಸಿ. ಆಗಲೂ ಅಲ್ಲಲ್ಲಿ ಹಿಡಿದುಕೊಳ್ಳುವಂತಿದ್ದರೆ ತೊಂದರೆ ಪಂಪಿನಲ್ಲಿಲ್ಲ. ಬಾಲ್ ಜಾಯಿಂಟ್‌ನಲ್ಲೋ ಸ್ಟೀರಿಂಗ್ ಕಾಲಮ್ಮಿನ ಕೆಳಗಿನ ಜಾಯಿಂಟ್‌ನಲ್ಲೋ ತುಕ್ಕು ಹಿಡಿದಿರಬಹುದು. ಹಳ್ಳ ದಾಟುವ, ತಿಂಗಳುಗಟ್ಟಲೆ ಕೆಸರಿನಲ್ಲೇ ಓಡಾಡುವ ಮಲೆನಾಡಿನ ಗಾಡಿಗಳಲ್ಲಿ ಇದು ಅಪರೂಪವೇನಲ್ಲ.

ಇಷ್ಟೆಲ್ಲ ನೋಡಿದ ಮೇಲೂ ಪಂಪೇ ಕಾರಣವೆಂದಾದರೆ, ಸೆಕೆಂಡ್ ಹ್ಯಾಂಡ್ ಪಂಪು ಬೇಡವೆಂಬುದು ನನ್ನ ಅಭಿಪ್ರಾಯ. ಬೋಲ್ಟಿನ ತೂತುಗಳು ಹೊಂದಿದ ಮಾತ್ರಕ್ಕೆ ಪಂಪು ಹೊಂದಿತೆಂದಲ್ಲ. ಅದರ ಒತ್ತಡವೂ ಆಯಿಲಿನ ಹರಿವೂ ನಿಮ್ಮ ಸ್ಟೀರಿಂಗ್ ಗೇರ್ ಬಾಕ್ಸಿಗೆ ತಕ್ಕಂತಿರಬೇಕು. ಅದಕ್ಕಿಂತ ಮುಖ್ಯವಾಗಿ, ಹಳೆಯ ಪಂಪಿನ ಒಳಗಿರಬಹುದಾದ ಲೋಹದ ಪುಡಿ ನಿಮ್ಮ ಗೇರ್ ಬಾಕ್ಸಿನ ಸೀಲುಗಳಿಗೆ ಹೋಗಿ ಸೇರುತ್ತದೆ. ಶಾಫ್ಟಿನ ಬಳಿ ಜಿನುಗುವುದಷ್ಟೇ ತೊಂದರೆಯಾಗಿದ್ದರೆ ಪಂಪಿನ ಬದಲು ಸೀಲ್ ಕಿಟ್ ಹಾಕಿಸಿದರೆ ಸಾಕಿತ್ತು, ನಿಮ್ಮದು ಹಾಗಲ್ಲ.

ಮನೆಯಲ್ಲೇ ಮಾಡಬಹುದು, ಒಂದು ಕೆಲಸವನ್ನು ಬಿಟ್ಟು. ಅನೇಕ ಪಂಪುಗಳಲ್ಲಿ ಬೆಲ್ಟು ಕೂರುವ ಗಾಲಿಯನ್ನು, ಅಂದರೆ ಪುಲ್ಲಿಯನ್ನು, ಶಾಫ್ಟಿಗೆ ಒತ್ತಿ ಕೂರಿಸಿರುತ್ತಾರೆ; ಅದನ್ನು ತೆಗೆಯುವುದಕ್ಕೂ ಹಾಕುವುದಕ್ಕೂ ಬೇರೆ ಬೇರೆ ಸಾಧನಗಳು ಬೇಕು. ಸುತ್ತಿಗೆಯಿಂದ ಬಡಿದು ಕೂರಿಸಿದರೆ ಹೊಸ ಪಂಪು ಅಂದೇ ಒಳಗೆ ಪೆಟ್ಟು ತಿನ್ನುತ್ತದೆ. ಹಳೆಯ ಪುಲ್ಲಿ ಶಾಫ್ಟಿನಲ್ಲಿ ಎಷ್ಟು ಒಳಗೆ ಕೂತಿದೆ ಎಂಬುದನ್ನು ಅಳೆದಿಟ್ಟುಕೊಂಡು, ಹಳೆಯ ಮತ್ತು ಹೊಸ ಪಂಪುಗಳೆರಡನ್ನೂ ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿಗೆ ಒಯ್ದು ಅಷ್ಟನ್ನು ಮಾತ್ರ ಮಾಡಿಸಿಕೊಂಡು ಬನ್ನಿ.

ಅಂಗಳದ ಮಣ್ಣು ಮಳೆಗೆ ಮೆತ್ತಗಾಗಿದ್ದರೆ ಜಾಕ್ ಹೂತುಹೋಗುತ್ತದೆ. ಅಡಿಗೆ ದಪ್ಪ ಹಲಗೆ ಇಟ್ಟು, ಗಾಡಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸದೆ ಕೆಳಗೆ ಕೈ ಹಾಕಬೇಡಿ. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಮೇಲೆ ಆಯಿಲ್ ಬೀಳದಂತೆ ಪ್ಲಾಸ್ಟಿಕ್ ಹೊದಿಸಿ. ಒತ್ತಡದ ಪೈಪನ್ನು ಜೋಡಿಸುವಾಗ ಹಳೆಯ ಓ ರಿಂಗ್ ಅಥವಾ ತಾಮ್ರದ ವಾಷರನ್ನು ಮತ್ತೆ ಬಳಸಬೇಡಿ.

ಹೆಚ್ಚಿನವರು ಅವಸರ ಮಾಡುವುದು ಇದರ ಮುಂದಿನ ಹಂತದಲ್ಲಿ. ಸವೆದ ಪಂಪಿನ ಪುಡಿಯೆಲ್ಲ ಗೇರ್ ಬಾಕ್ಸಿನಲ್ಲೂ ಪೈಪುಗಳಲ್ಲೂ ಉಳಿದಿರುತ್ತದೆ. ಅದನ್ನು ತೊಳೆಯದೆ ಹೊಸ ಪಂಪನ್ನು ಓಡಿಸಿದರೆ ಅದೂ ಬೇಗನೆ ಸದ್ದು ಮಾಡತೊಡಗುತ್ತದೆ, ಆಗ ಬೈಗುಳವೆಲ್ಲ ಪಂಪು ಮಾರಿದವರಿಗೆ. ಡಬ್ಬಿಗೆ ಮರಳುವ ಪೈಪನ್ನು ಕಳಚಿ ಒಂದು ಬಾಟಲಿಗೆ ಇಳಿಬಿಡಿ, ಡಬ್ಬಿಯ ಆ ಬಾಯಿಗೆ ಬಿರಡೆ ಹಾಕಿ, ಚಕ್ರಗಳು ಎತ್ತಿರುವಾಗಲೇ ಇಂಜಿನ್ ಚಾಲೂ ಮಾಡದೆ ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸುತ್ತ, ಇನ್ನೊಬ್ಬರಿಂದ ಹೊಸ ಆಯಿಲ್ ಹೊಯ್ಯಿಸುತ್ತ ಹೋಗಿ. ಬಾಟಲಿಗೆ ಬೀಳುವ ಆಯಿಲ್ ತಿಳಿಯಾಗುವವರೆಗೂ ನಿಲ್ಲಿಸಬೇಡಿ. ಡಬ್ಬಿಯ ತಳದಲ್ಲಿ ಜಾಲರಿ ಇದ್ದು ಅದು ಕಟ್ಟಿಕೊಂಡಿದ್ದರೆ ಡಬ್ಬಿಯನ್ನೇ ಬದಲಿಸಿ. ಆಯಿಲ್ ಯಾವುದೆಂಬುದು ಮುಚ್ಚಳದ ಮೇಲೆ ಅಥವಾ ಗಾಡಿಯ ಕೈಪಿಡಿಯಲ್ಲಿರುತ್ತದೆ. ಅನೇಕ ಗಾಡಿಗಳಿಗೆ ಎಟಿಎಫ್ (ಆಟೋಮ್ಯಾಟಿಕ್ ಗೇರಿನ ಗಾಡಿಗಳ ಗೇರ್ ಬಾಕ್ಸಿಗೆ ಹಾಕುವ ಆಯಿಲ್) ಬಳಸುತ್ತಾರೆ. ಬ್ರೇಕ್ ಆಯಿಲನ್ನಂತೂ ಹಾಕಲೇಬೇಡಿ, ಸೀಲುಗಳು ಉಬ್ಬಿ ಕೆಡುತ್ತವೆ.

ಪೈಪನ್ನು ಮರಳಿ ಜೋಡಿಸಿದ ಮೇಲೆ ಇಂಜಿನ್ ಆಫ್ ಇರುವಾಗಲೇ ಇನ್ನೂ 20 ಸಲವಾದರೂ ನಿಧಾನವಾಗಿ ತಿರುಗಿಸಿ, ಮಟ್ಟ ಇಳಿದಂತೆ ಆಯಿಲ್ ತುಂಬಿ. ಗುಳ್ಳೆ ಬರುವುದು ನಿಂತ ಮೇಲಷ್ಟೇ ಇಂಜಿನ್ ಚಾಲೂ ಮಾಡಿ. ಆಯಿಲ್ ಇಲ್ಲದೆ ಓಡಿದ ಪಂಪು ಬಹಳ ಬೇಗ ಕೆಟ್ಟುಹೋಗುತ್ತದೆ. ಸೋರಿಕೆ ಹುಡುಕುವಾಗ ಒತ್ತಡದ ಪೈಪಿನ ಮೇಲೆ ಬೆರಳಾಡಿಸದೆ ರಟ್ಟಿನ ತುಂಡು ಹಿಡಿದು ನೋಡಿ.

ಟೈರಿನ ವಿಷಯ. ಅಗಲವಾದ ಮಡ್ ಟೈರು ಪಂಪಿನ ಹೊರೆಯನ್ನು ಹೆಚ್ಚಿಸುತ್ತದೆ, ಆದರೆ ಪಂಪನ್ನು ಹೆಚ್ಚು ಬೇಯಿಸುವುದು ಓಡಿಸುವ ರೀತಿ. ಕೆಸರಿನಲ್ಲಿ ಸಿಕ್ಕಿಕೊಂಡಾಗ ಸ್ಟೀರಿಂಗನ್ನು ತುದಿಯವರೆಗೆ ತಿರುಗಿಸಿ ಹಿಡಿದು ರೇಸ್ ಕೊಟ್ಟರೆ ಆಯಿಲ್ ಒಳಗಿನ ವಾಲ್ವಿನಲ್ಲೇ ಸುತ್ತುತ್ತಾ ಕ್ಷಣಕ್ಷಣಕ್ಕೂ ಕಾಯುತ್ತದೆ. ಹಾಗೆ 5 ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ, ತುದಿ ಮುಟ್ಟಿದ ಮೇಲೆ ಸ್ವಲ್ಪ ಹಿಂದಕ್ಕೆ ಬಿಡಿ. ಹೊಸ ಬೆಲ್ಟು ಹಾಕಿಸಿದ್ದರೆ ಒಂದು ವಾರದ ಓಡಾಟದ ಬಳಿಕ ಅದರ ಬಿಗಿಯನ್ನು ಮತ್ತೆ ನೋಡಿಸಿ. ಕೆಲವು ಇಂಜಿನ್‌ಗಳಲ್ಲಿ ವಾಟರ್ ಪಂಪನ್ನು ತಿರುಗಿಸುವುದೂ ಅದೇ ಬೆಲ್ಟು. ನಿಮ್ಮದೂ ಹಾಗಿದ್ದರೆ, ಹುಲಿಕಲ್ ಘಾಟಿಯ ಏರಿನಲ್ಲಿ ಅದು ಕಳಚಿದಾಗ ಸ್ಟೀರಿಂಗ್ ಗಟ್ಟಿಯಾದದ್ದನ್ನಷ್ಟೇ ಗಮನಿಸಿ ಮುಂದೆ ಓಡಿಸಿದರೆ ಇಂಜಿನ್ ಕುದಿದುಹೋಗುತ್ತದೆ. ಗಾಡಿಯನ್ನು ಅಲ್ಲೇ ಬದಿಗೆ ನಿಲ್ಲಿಸಬೇಕು.