ಮೊದಲ ಸಲ ಮನೆಯಲ್ಲೇ ತಲೆ ಬೋಳಿಸಿಕೊಳ್ಳಬೇಕು. ರಾಯಚೂರಿನ ಬಿಸಿಲಲ್ಲಿ ಏನು ನೋಡಿಕೊಳ್ಳಬೇಕು?

ನೇರವಾಗಿ ರೇಜರ್ ಹಿಡಿಯಬೇಡಿ. ಮೊದಲು ಟ್ರಿಮ್ಮರಿನಿಂದ ಕೂದಲನ್ನು ಆದಷ್ಟು ಸಣ್ಣ ಮಾಡಿ. ಉದ್ದ ಕೂದಲಿಗೆ ಬ್ಲೇಡ್ ಹಾಕಿದರೆ ಅದು ಕಟ್ಟಿಕೊಂಡು ಎಳೆಯುತ್ತದೆ, ಚರ್ಮ ಗೀರುತ್ತದೆ.

ಬೆಚ್ಚನೆ ನೀರಲ್ಲಿ ಸ್ನಾನ ಮಾಡಿ, ಬುಡ ಮೆತ್ತಗಾದ ಮೇಲೆ ಕ್ರೀಮ್ ಹಚ್ಚಿ. ಬೋರ್ ನೀರು ಗಡಸಾಗಿದ್ದರೆ ನೊರೆ ಬರೋದೇ ಇಲ್ಲ. ಕುಡಿಯೋ ಫಿಲ್ಟರ್ ನೀರು ಒಂದು ಲೋಟ ಪಕ್ಕದಲ್ಲಿ ಇಟ್ಟುಕೊಳ್ಳಿ, ಸಾಕು.

ಬ್ಲೇಡ್ ಹೊಸದಿರಲಿ. ಒತ್ತಬೇಡಿ, ಸುಮ್ನೆ ಜಾರಿಸಿ. ಕೂದಲು ಬೆಳೆದ ದಿಕ್ಕಿನಲ್ಲೇ ಎಳೆಯಿರಿ, ಎರಡು ಎಳೆತಕ್ಕೊಮ್ಮೆ ತೊಳೆಯಿರಿ. ಕಷ್ಟ ಇರೋದು ಸುಳಿಯ ಹತ್ತಿರ. ಅಲ್ಲಿ ಕೂದಲು ಸುತ್ತಲೂ ತಿರುಗಿರುತ್ತದೆ, ಹಾಗಾಗಿ ರೇಜರನ್ನೂ ಚೂರು ಚೂರೇ ತಿರುಗಿಸಬೇಕು. ಕಿವಿ ಹಿಂದೆ ಹೋಗುವಾಗ ಕಿವಿಯನ್ನು ಮುಂದಕ್ಕೆ ಮಡಚಿಕೊಳ್ಳಿ. ತಲೆಯ ಹಿಂಭಾಗಕ್ಕೆ ಎರಡು ಕನ್ನಡಿ ಇಟ್ಟರೆ ಕೈ ಇನ್ನೂ ಗಲಿಬಿಲಿಯಾಗುತ್ತದೆ. ನನ್ನ ಕೇಳಿದರೆ ಎಡಗೈ ಬೆರಳನ್ನೇ ನಂಬಿ: ಗರಗರ ಅಂದ ಕಡೆ ಮತ್ತೊಮ್ಮೆ ಕ್ರೀಮ್ ಹಚ್ಚಿ ಎಳೆಯಿರಿ. ಒಣ ಚರ್ಮದ ಮೇಲೆ ಮಾತ್ರ ಬೇಡ.

ಮುಗಿದ ಮೇಲೆ ತಣ್ಣೀರು. ಗೀರಿದ್ದರೆ ಪಟಿಕ ಒತ್ತಿ, ಚುರುಕ್ ಅನ್ನುತ್ತದೆ, ಆದರೆ ರಕ್ತ ನಿಲ್ಲುತ್ತದೆ.

ಇನ್ನು ಬಿಸಿಲು. ಇಷ್ಟು ದಿನ ಕೂದಲಡಿ ಇದ್ದ ಚರ್ಮ ಅದು. ನಮ್ಮಲ್ಲಿ ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುತ್ತದೆ ಅಲ್ವಾ? ಸಂಜೆ ಹೊತ್ತು ಬೋಳಿಸಿ. ಮರುದಿನ ಹೊರಗೆ ಹೋಗುವಾಗ ಹತ್ತಿ ಟವೆಲ್ ಸುತ್ತಿಕೊಳ್ಳಿ, ಸನ್‌ಸ್ಕ್ರೀನ್ ಇದ್ದರೆ ಅದನ್ನೂ ಹಚ್ಚಿ. ತಲೆಯಲ್ಲಿ ಗುಳ್ಳೆ, ಕಜ್ಜಿ ಇದ್ದರೆ ವಾಸಿಯಾಗುವ ತನಕ ಕಾಯಿರಿ.