25×25 ಸುಡೊಕುಗೆ ಎ–ವೈ ಅಕ್ಷರ ಹಾಕೋದಾ, 1–25 ಅಂಕಿ ಹಾಕೋದಾ? ಅಷ್ಟು ಸಣ್ಣ ಮನೆಯಲ್ಲಿ, ಅಲ್ಲಿ ಏನೇನು ಬರಬಹುದು ಅನ್ನೋ ಟಿಪ್ಪಣಿ ಹಿಡಿಸೋದು ಹೇಗೆ?

ಎರಡೂ ಬೇಡ. ಕ ಇಂದ ಮ ವರೆಗೆ ಬಳಸಿ. ನಮ್ಮ ವರ್ಗೀಯ ವ್ಯಂಜನಗಳು ಸರಿಯಾಗಿ 25: ಐದು ವರ್ಗ, ವರ್ಗಕ್ಕೆ ಐದು. ಪೆಟ್ಟಿಗೆಯೂ 5×5. ಯಾವುದು ಬಿಟ್ಟುಹೋಗಿದೆ ಅಂತ ಹುಡುಕಲು ಮಗ್ಗಿಯ ಹಾಗೆ ಹೇಳಿಕೊಂಡು ಹೋದರಾಯಿತು. ಅಂಕಿಯಲ್ಲಿ ಪಕ್ಕಪಕ್ಕದ 1, 2 ನೋಡನೋಡುತ್ತಾ 12 ಆಗಿಬಿಡುತ್ತೆ.

ಆದರೆ ನನ್ನನ್ನು ಮುಳುಗಿಸಿದ್ದೂ ಇವೇ ಅಕ್ಷರಗಳು. ಗಾಂಧಿ ಬಜಾರಿನಲ್ಲಿ ಎ3 ಹಾಳೆಗೆ ಹಿಗ್ಗಿಸಿ ಜೆರಾಕ್ಸ್ ಮಾಡಿಸಿದ್ದೆ. ಆಗಲೂ ಒಂದು ಮನೆ ಸುಮಾರು ಒಂದು ಸೆಂಟಿಮೀಟರ್ ಅಷ್ಟೇ. ನಿಮ್ಮ ಹಾಗೇ ಮೊದಲ ದಿನವೇ 'ಎಲ್ಲ ಹಿಡಿಸಬೇಕು' ಅಂತ ಹಟ ಹಿಡಿದು, ಮನೆಗೆ ಹತ್ತು ಹನ್ನೆರಡು ಅಕ್ಷರ ತುರುಕಿದೆ. ದ ಗೂ ಧ ಗೂ ಇರುವ ವ್ಯತ್ಯಾಸ ಹೊಟ್ಟೆ ಸೀಳಿದ ಒಂದು ಗೀಟು. ಒಂದು ಮನೆಯಲ್ಲಿ ಧ ಮಾತ್ರ ಉಳಿದಿತ್ತು, ಪಕ್ಕದ್ದನ್ನು ಅಳಿಸುವಾಗ ರಬ್ಬರು ಆ ಗೀಟನ್ನೂ ಒರೆಸಿತ್ತು. ನಾನು ದ ಅಂತ ಪೆನ್ನಲ್ಲೇ ಬರೆದೆ. ಒಂದು ಮನೆ ಎಷ್ಟು ಮನೆಗಳನ್ನು ಮುಟ್ಟುತ್ತೆ ಲೆಕ್ಕ ಹಾಕಿ: ಅಡ್ಡಸಾಲಲ್ಲಿ 24, ಉದ್ದಸಾಲಲ್ಲಿ 24, ಪೆಟ್ಟಿಗೆಯಲ್ಲಿ ಉಳಿದ 16, ಒಟ್ಟು 64. ಮಾಮೂಲಿ 9×9ರಲ್ಲಿ ಬರೀ 20. ಆ 64ರಲ್ಲಿ ಕಂಡಲ್ಲೆಲ್ಲ ದ ಅಳಿಸಿದೆ, ಹೋಗಬೇಕಿದ್ದ ಧ ಹಾಗೇ ಉಳಿಯಿತು. ಹನ್ನೊಂದು ಸಂಜೆ ಕಳೆದ ಮೇಲೆ ಒಂದು ಪೆಟ್ಟಿಗೆಯಲ್ಲಿ ದ ಗೆ ಜಾಗವೇ ಇಲ್ಲ. ಹಿಂದಕ್ಕೆ ಹೋಗೋಣವೆಂದರೆ ಟಿಪ್ಪಣಿಗಳನ್ನೆಲ್ಲ ನಾನೇ ಅಳಿಸಿದ್ದೆ. ಎಲ್ಲಿ ಎಡವಿದೆ ಅಂತ ಹುಡುಕಲು ಇನ್ನೂ ಎರಡು ದಿನ ಹೋಯಿತು.

ಹಾಗಾಗಿ ಟಿಪ್ಪಣಿಗೆ ಅಕ್ಷರವನ್ನೇ ಬರೆಯಬೇಡಿ, ಚುಕ್ಕಿ ಇಡಿ. ಮನೆಯನ್ನೇ ಪುಟ್ಟ ವರ್ಣಮಾಲೆ ಅಂದುಕೊಳ್ಳಿ: ಮೇಲಿನ ಎಡಮೂಲೆ ಕ, ಬಲಮೂಲೆ ಙ, ಕೆಳಗಿನ ಎಡಮೂಲೆ ಪ, ಬಲಮೂಲೆ ಮ, ನಟ್ಟನಡುವೆ ಡ. ಡ ದ ಕೆಳಗಿನ ಚುಕ್ಕಿ ದ, ಅದರ ಬಲಕ್ಕೆ ಧ. ಎಲ್ಲ ಮನೆ ತುಂಬಿಸುವ ಯೋಚನೆಯನ್ನೂ ಬಿಡಿ. ಮೂರು ಬಾರಿ ವಿಶ್ವ ಸುಡೊಕು ಚಾಂಪಿಯನ್ ಆದ ಥಾಮಸ್ ಸ್ನೈಡರ್ ಹೆಸರಿನ ಪದ್ಧತಿಯೊಂದಿದೆ: ಪೆಟ್ಟಿಗೆಯಲ್ಲಿ ಒಂದು ಅಂಕಿಗೆ ಎರಡೇ ಜಾಗ ಉಳಿದಾಗ ಮಾತ್ರ ಗುರುತು. ದೊಡ್ಡ ಹಾಳೆಗೆ ನಾನು ಮೂರು ಜಾಗದವರೆಗೂ ಒಪ್ಪುತ್ತೇನೆ, ನಾಲ್ಕಕ್ಕೆ ಇಲ್ಲ. ರಬ್ಬರು ಮುಟ್ಟಬೇಡಿ. ಬೇಡವಾದ ಚುಕ್ಕಿಯ ಮೇಲೆ ಗೀಟು ಎಳೆಯಿರಿ, ಹಿಂದಕ್ಕೆ ಹೋಗಲು ಅದೇ ದಾರಿ.

ಅದೇ ಒಗಟನ್ನು ಮತ್ತೆ ಜೆರಾಕ್ಸ್ ಮಾಡಿಸಿ ಚುಕ್ಕಿಯಲ್ಲೇ ಮುಗಿಸಿದೆ. ಆ ಮನೆಯಲ್ಲಿ ಈ ಸಲ ಧ ಕೂತಿದೆ.