ಬಿಳಿಗಿರಿರಂಗನ ಬೆಟ್ಟದ ಕಾಡಿನ ನಕ್ಷೆಗೆ ಎತ್ತರದ ಗೆರೆಗಳಷ್ಟೇ ಸಾಕೇ?

ಸಾಲದು. ಬುಡದಲ್ಲಿ ಕುರುಚಲು, ನಡುವೆ ಎಲೆ ಉದುರುವ ಕಾಡು, ತುದಿಯಲ್ಲಿ ಶೋಲಾ (ಎತ್ತರದ ಕಣಿವೆಗಳಲ್ಲಿ ಬೆಳೆಯುವ, ಸದಾ ಹಸಿರಾಗಿರುವ ಗಿಡ್ಡ ಕಾಡು) ಅಂತ ಎತ್ತರ ನೋಡಿ ಮೂರು ಬಣ್ಣ ಬಳಿದ ನಕ್ಷೆಯನ್ನು ನಾನು ಪೂರ್ತಿ ಅಳಿಸಬೇಕಾಯಿತು.

ಕೆಟ್ಟಿದ್ದು ಮುಖ್ಯವಾಗಿ ತುದಿಯಲ್ಲಿ. 1500 ಮೀಟರ್ ದಾಟಿದ್ದೆಲ್ಲ ಶೋಲಾ ಅಂದುಕೊಂಡಿದ್ದೆ. ಅಲ್ಲಿ ಮರ ಗುಂಪುಗೂಡುವುದು ಮಣ್ಣೂ ತೇವವೂ ನಿಲ್ಲುವ ಕಣಿವೆಯ ಮಡಿಕೆಗಳಲ್ಲಿ. ಗಾಳಿ ಬಡಿಯುವ ನೆತ್ತಿಯಲ್ಲಿ ಬರೀ ಹುಲ್ಲು. ಒಂದೇ ಎತ್ತರದಲ್ಲಿ ಅಡ್ಡಡ್ಡ ಹೋದರೆ ಹುಲ್ಲು, ಶೋಲಾ, ಮತ್ತೆ ಹುಲ್ಲು. ಮಡಿಕೆಯನ್ನಾದರೂ ಎತ್ತರದ ದತ್ತಾಂಶದಿಂದ ಹಿಡಿಯೋಣವೆಂದರೆ, ಬಾಹ್ಯಾಕಾಶ ನೌಕೆಯಿಂದ ರೇಡಾರ್ ಹಾಯಿಸಿ ಅಳೆದ ಎಸ್‌ಆರ್‌ಟಿಎಂ ದತ್ತಾಂಶದ ಒಂದು ಚೌಕ 30 ಮೀಟರ್. ಅರವತ್ತು ಮೀಟರ್ ಅಗಲದ ಶೋಲಾಕ್ಕೆ ಸಿಗುವುದು ಎರಡೇ ಚೌಕ. ಮೇಲಾಗಿ ರೇಡಾರ್ ಅಲೆ ನೆಲ ಮುಟ್ಟುವ ಮೊದಲೇ ಎಲೆಯ ಚಪ್ಪರದಿಂದ ಹಿಂದಿರುಗುತ್ತದೆ, ಹಾಗಾಗಿ ಮರ ತುಂಬಿದ ಮಡಿಕೆ ಇದ್ದದ್ದಕ್ಕಿಂತ ಆಳ ಕಡಿಮೆಯಾಗಿ ಕಾಣುತ್ತದೆ. ನಾವು ಹುಡುಕುವ ಗುರುತನ್ನು ಮರಗಳೇ ಮುಚ್ಚಿಹಾಕುತ್ತವೆ!

ಮಳೆಯೂ ಎತ್ತರವನ್ನಷ್ಟೇ ನೋಡಿ ಬೀಳುವುದಿಲ್ಲ. ಬುಡದಲ್ಲಿ ವರ್ಷಕ್ಕೆ ಸುಮಾರು 600 ಮಿ.ಮೀ., ತುದಿಯಲ್ಲಿ 3000ದ ಹತ್ತಿರ, ಸರಿ. ಆದರೆ ಬೆಟ್ಟಸಾಲು ಉತ್ತರ-ದಕ್ಷಿಣವಾಗಿ ಎರಡು ಏಣುಗಳಲ್ಲಿ ಹಬ್ಬಿದೆ, ಮುಂಗಾರೂ ಹಿಂಗಾರೂ ಎರಡೂ ತಾಗುತ್ತವೆ. ಇಳಿಜಾರು ಯಾವ ದಿಕ್ಕಿಗಿದೆ ಅನ್ನುವುದು ಎತ್ತರದಷ್ಟೇ ಮುಖ್ಯ.

ಮೊದಲು ಚಿತ್ರ, ಆಮೇಲೆ ಎತ್ತರ. ಫೆಬ್ರವರಿ ಕೊನೆಯ, ಮೋಡವಿಲ್ಲದ ಸೆಂಟಿನೆಲ್-2 ಉಪಗ್ರಹದ ಚಿತ್ರ ತೆಗೆದುಕೊಳ್ಳಿ; ಚೌಕ 10 ಮೀಟರ್. ಆಗ ಎಲೆ ಉದುರುವ ಮರಗಳು ಬೋಳಾಗಿ ಕಾನು, ಅಂದರೆ ಸದಾ ಹಸಿರಾಗಿರುವ ಕಾಡು, ಎದ್ದು ಕಾಣುತ್ತದೆ. ಡಿಸೆಂಬರಿನ ಚಿತ್ರ ಬೇಡ, ಹಿಂಗಾರಿನ ತೇವಕ್ಕೆ ಎಲ್ಲವೂ ಹಸಿರು. ತೀರಾ ತಡವಾದರೆ ಬೆಂಕಿ ಬಿದ್ದ ಜಾಗದ ಕಪ್ಪು ಕಲೆಗಳ ಕಾಟ. ಚಿತ್ರದ 8ನೇ (ಅವಕೆಂಪು) ಮತ್ತು 4ನೇ (ಕೆಂಪು) ಬೆಳಕಿನ ಪಟ್ಟಿಗಳಿಂದ ಹಸಿರಿನ ಸೂಚ್ಯಂಕ ತೆಗೆದು, ಅದರ ಮೇಲೆ ಇಳಿಜಾರಿನ ದಿಕ್ಕು, ಕೊನೆಗೆ ಎತ್ತರ ಕೂಡಿಸಿ.

ಹಾಗೆ ಮಾಡಿದರೂ ಹೊನ್ನಮೇಟಿ, ಬೇಡಗುಳಿ ಕಡೆಯ ಕಾಫಿ ತೋಟಗಳು ಕಾನಿನಂತೆಯೇ ಹೊಳೆಯುತ್ತವೆ. ನೆರಳಿನ ಮರಗಳ ಕೆಲಸ ಅದು. ನೇರ ಅಂಚು, ಒಳದಾರಿ ನೋಡಿ ಕೈಯಿಂದಲೇ ಬೇರ್ಪಡಿಸಬೇಕು. ತೇವವಿರುವಲ್ಲಿ ಬೋಳು ಮರಗಳಡಿಯ ಲಂಟಾನವೂ ಹೀಗೇ ಮೋಸ ಮಾಡುತ್ತದೆ.

ಪರಿಶೀಲನೆಗೆಂದು ಕಾಡಿಗೆ ನುಗ್ಗಬೇಡಿ, ಇದು ಹುಲಿ ಸಂರಕ್ಷಿತ ಪ್ರದೇಶ. ಯಳಂದೂರಿನಿಂದ ಬೆಟ್ಟ ಹತ್ತಿ ಕೆ. ಗುಡಿ (ಕ್ಯಾತೇದೇವರ ಗುಡಿ) ಮೂಲಕ ಚಾಮರಾಜನಗರಕ್ಕೆ ಇಳಿಯುವ ರಸ್ತೆಯಿಂದಲೇ ಕಾಡು ಬದಲಾಗುವುದು ಕಾಣುತ್ತದೆ. ಇನ್ನೊಂದು: ಸಂರಕ್ಷಿತ ಪ್ರದೇಶದ ಗಡಿಗೇ ಚಿತ್ರ ಕತ್ತರಿಸಬೇಡಿ. ದಕ್ಷಿಣಕ್ಕೆ ಬೆಟ್ಟಗಳು ತಮಿಳುನಾಡಿನ ಸತ್ಯಮಂಗಲದ ಕಾಡಿಗೆ ಮುಂದುವರಿಯುತ್ತವೆ.